ವಿದ್ಯಾರ್ಥಿಯ ಬ್ಯಾಂಕ್ ಖಾತೆ: ಆಯ್ಕೆ ವಿದ್ಯಾರ್ಥಿಯದ್ದೇ ಆಗಲಿ

ಮಾನ್ಯ ಸಂಪಾದಕರೇ,

ಪದವಿ ಕಾಲೇಜುಗಳಲ್ಲಿ ದಾಖಲಾತಿ ಆರಂಭವಾದೊಡನೆ ಕಚೇರಿಯ ಪಕ್ಕದ ಪಡಸಾಲೆಯಲ್ಲಿ ಬ್ಯಾಂಕಿನ ಪ್ರತಿನಿಧಿಗಳು ಮೇಜು ಹಾಕಿಕೊಂಡು ಕೂರುವುದು ಈಚಿನ ವರ್ಷಗಳಲ್ಲಿ ರೂಢಿಯಾಗಿಬಿಟ್ಟಿದೆ. ಶುಲ್ಕ ಕಟ್ಟಲು ಬಂದ ವಿದ್ಯಾರ್ಥಿ ಅಲ್ಲಿಯೇ ಆಧಾರ್ ತೋರಿಸಿ, ಮೊಬೈಲಿಗೆ ಬಂದ ಒಟಿಪಿ ಹೇಳಿ, ಹತ್ತು ನಿಮಿಷದಲ್ಲಿ ಖಾತೆದಾರನಾಗಿ ಹೊರಗೆ ಬರುತ್ತಾನೆ. ತಾನು ತೆರೆದದ್ದು ಯಾವ ಬಗೆಯ ಖಾತೆ, ಅದರಲ್ಲಿ ಎಷ್ಟು ಹಣ ಇಟ್ಟಿರಬೇಕು, ಇಡದಿದ್ದರೆ ಏನಾಗುತ್ತದೆ ಎಂಬುದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಬೋಧಿಸುತ್ತ, ವಿದ್ಯಾರ್ಥಿವೇತನದ ಅರ್ಜಿಗಳ ಜವಾಬ್ದಾರಿಯನ್ನೂ ಹೊತ್ತಿರುವ ನಾನು ಈ ಹತ್ತು ನಿಮಿಷಗಳ ಪರಿಣಾಮವನ್ನು ಮುಂದಿನ ಮೂರು ವರ್ಷಗಳ ಕಾಲ ಕಾಣುತ್ತೇನೆ. ಆದ್ದರಿಂದ ಪದವಿಗೆ ಸೇರುವ ಮಕ್ಕಳು ಮತ್ತು ಅವರ ತಂದೆ ತಾಯಿ ಖಾತೆ ತೆರೆಯುವ ಮುನ್ನ ಯೋಚಿಸಬೇಕಾದ ಕೆಲವು ಸಂಗತಿಗಳನ್ನು ನಿಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇನೆ.

ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಕನಿಷ್ಠ ಶಿಲ್ಕಿನ, ಅಂದರೆ ಖಾತೆಯಲ್ಲಿ ಉಳಿಸಿರಲೇಬೇಕಾದ ಹಣದ ಪ್ರಶ್ನೆ. ಹಲವು ಖಾಸಗಿ ಬ್ಯಾಂಕುಗಳ ಸಾಮಾನ್ಯ ಉಳಿತಾಯ ಖಾತೆಗಳಲ್ಲಿ ತಿಂಗಳ ಸರಾಸರಿ ಶಿಲ್ಕು ಇಂತಿಷ್ಟು ಇರಲೇಬೇಕೆಂಬ ನಿಯಮವಿದೆ. ಸರಾಸರಿ ಎಂದರೆ ತಿಂಗಳ ಪ್ರತಿದಿನದ ಕೊನೆಯಲ್ಲಿ ಉಳಿದ ಹಣವನ್ನೆಲ್ಲ ಕೂಡಿಸಿ ದಿನಗಳ ಸಂಖ್ಯೆಯಿಂದ ಭಾಗಿಸಿದ ಮೊತ್ತ. ಊರಿನಿಂದ ತಂದೆ ಕಳಿಸಿದ ₹30,000 ಶುಲ್ಕದ ಹಣ ಹತ್ತು ದಿನ ಖಾತೆಯಲ್ಲಿದ್ದರೆ ಆ ತಿಂಗಳ ಮಟ್ಟಿಗೆ ₹10,000 ಸರಾಸರಿ ತಾನಾಗಿಯೇ ಆಗಿರುತ್ತದೆ. ₹10,000 ಸರಾಸರಿ ಬೇಕೆನ್ನುವ ಬ್ಯಾಂಕಾದರೆ ವಿದ್ಯಾರ್ಥಿಗೆ ಆಗ ನಿಯಮದ ಬಿಸಿ ತಟ್ಟುವುದಿಲ್ಲ. ಮುಂದಿನ ತಿಂಗಳು ಖಾತೆಯಲ್ಲಿ ಸರಾಸರಿ ಎರಡು ಸಾವಿರ ಮಾತ್ರ ಉಳಿದಾಗ, ಕೊರತೆಯ ಶೇ 6ರಷ್ಟು ದಂಡ ಹಾಕುವ ಬ್ಯಾಂಕಿನಲ್ಲಿ ₹480, ಅದರ ಮೇಲೆ ಶೇ 18ರ ಜಿಎಸ್‌ಟಿ ಸೇರಿ ₹566 ಕಡಿತವಾಗುತ್ತದೆ. ಅದೇ ಎರಡು ಸಾವಿರಕ್ಕೆ ಶೇ 2.5ರ ದರದಲ್ಲಿ ಇಡೀ ವರ್ಷಕ್ಕೆ ಸಿಗುವ ಬಡ್ಡಿ ₹50. ಬಡ್ಡಿ ದರ ಎಲ್ಲಿ ಕಾಲು ಪೈಸೆ ಹೆಚ್ಚು ಎಂದು ಹುಡುಕುವ ತಂದೆ ತಾಯಿಗೆ ಈ ಲೆಕ್ಕವನ್ನು ನಾನು ಕಾಗದದ ಮೇಲೆ ಬರೆದೇ ತೋರಿಸುತ್ತೇನೆ. ವಿದ್ಯಾರ್ಥಿಯ ಖಾತೆಯಲ್ಲಿ ಬಡ್ಡಿಗಿಂತ ಶುಲ್ಕಗಳೇ ಲೆಕ್ಕಕ್ಕೆ ಬರುವಂಥವು.

ಈ ವಿಷಯದಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳು ಈಚೆಗೆ ಒಳ್ಳೆಯ ಹೆಜ್ಜೆ ಇಟ್ಟಿವೆ. ಭಾರತೀಯ ಸ್ಟೇಟ್ ಬ್ಯಾಂಕ್ 2020ರಲ್ಲಿಯೇ ತನ್ನ ಎಲ್ಲ ಉಳಿತಾಯ ಖಾತೆಗಳ ಕನಿಷ್ಠ ಶಿಲ್ಕಿನ ದಂಡವನ್ನು ಕೈಬಿಟ್ಟಿತು. ನಮ್ಮ ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಅದನ್ನೇ ಮಾಡಿತು, ಅದರ ಬೆನ್ನಲ್ಲೇ ಇನ್ನೂ ಕೆಲವು ಸರ್ಕಾರಿ ಬ್ಯಾಂಕುಗಳು ಅದೇ ದಾರಿ ಹಿಡಿದವು. ಅದೇ ವರ್ಷದ ಆಗಸ್ಟಿನಲ್ಲಿ ಐಸಿಐಸಿಐ ಬ್ಯಾಂಕ್ ಮಹಾನಗರ ಮತ್ತು ನಗರಗಳ ಹೊಸ ಖಾತೆಗಳಿಗೆ ₹50,000 ಸರಾಸರಿ ಶಿಲ್ಕು ಬೇಕೆಂದು ಪ್ರಕಟಿಸಿ, ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ₹15,000ಕ್ಕೆ ಇಳಿಸಿದ್ದನ್ನು ಓದುಗರು ಮರೆತಿರಲಾರರು. ಖಾಸಗಿ ಬ್ಯಾಂಕುಗಳು ತಮಗೆ ಬೇಕಾದ ಗ್ರಾಹಕರನ್ನು ಆರಿಸಿಕೊಳ್ಳುವುದು ಅವುಗಳ ವ್ಯವಹಾರ ನೀತಿ. ಆದರೆ ಆ ನೀತಿಗೆ ಹೊಂದದ ಹದಿನೆಂಟರ ಮಕ್ಕಳನ್ನು ಕಾಲೇಜಿನ ಅಂಗಳದಲ್ಲೇ ಹಿಡಿದು ಖಾತೆ ತೆರೆಸುವುದು ನ್ಯಾಯವಲ್ಲ. ‘ವಿದ್ಯಾರ್ಥಿ ಖಾತೆ’ ಎಂಬ ಹೆಸರಿನಲ್ಲಿ ಶೂನ್ಯ ಶಿಲ್ಕಿನ ಸೌಲಭ್ಯ ಕೊಡುವ ಬ್ಯಾಂಕುಗಳೂ ಇವೆ; ಅಲ್ಲಿ ಕೇಳಬೇಕಾದದ್ದು ಆ ಸೌಲಭ್ಯ ಯಾವ ವಯಸ್ಸಿನವರೆಗೆ, ಅದು ಮುಗಿದ ಮೇಲೆ ಖಾತೆ ಯಾವ ಬಗೆಗೆ ಬದಲಾಗುತ್ತದೆ ಎಂಬುದು.

ಇಷ್ಟೆಲ್ಲ ಗೊಂದಲವೇ ಬೇಡವೆನ್ನುವವರಿಗೆ ಒಂದು ದಾರಿ ಬಹಳ ಹಿಂದಿನಿಂದಲೂ ತೆರೆದೇ ಇದೆ, ಆದರೆ ಅದನ್ನು ತೋರಿಸುವವರು ಕಡಿಮೆ. ರಿಸರ್ವ್ ಬ್ಯಾಂಕ್ 2012ರ ಆಗಸ್ಟಿನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಪ್ರತಿಯೊಂದು ಬ್ಯಾಂಕೂ ಎಲ್ಲರಿಗೂ ಮೂಲ ಉಳಿತಾಯ ಠೇವಣಿ ಖಾತೆಯನ್ನು, ಅಂದರೆ ಬ್ಯಾಂಕಿನವರು ಬಿಎಸ್‌ಬಿಡಿ ಎನ್ನುವ ಖಾತೆಯನ್ನು ಕೊಡಲೇಬೇಕು. ಇದು ಬಡವರಿಗೆಂದೇ ಮೀಸಲಾದ ಖಾತೆಯಲ್ಲ, ಇದಕ್ಕೆ ಆದಾಯದ ಮಿತಿಯೂ ಇಲ್ಲ. ಕನಿಷ್ಠ ಶಿಲ್ಕು ಬೇಕಿಲ್ಲ. ಎಟಿಎಂ ಕಾರ್ಡ್ ಉಚಿತ, ಹಣ ಜಮಾ ಮಾಡಲು ಶುಲ್ಕವಿಲ್ಲ, ತಿಂಗಳಿಗೆ ಕನಿಷ್ಠ ನಾಲ್ಕು ಸಲ ಹಣ ತೆಗೆಯಲು ಶುಲ್ಕವಿಲ್ಲ. ಈ ನಾಲ್ಕರ ಲೆಕ್ಕಕ್ಕೆ ಯುಪಿಐ ಪಾವತಿಗಳನ್ನೂ ಸೇರಿಸಿ ಕೆಲವು ಬ್ಯಾಂಕುಗಳು ಶುಲ್ಕ ವಸೂಲಿ ಮಾಡಿದಾಗ, 2020ರ ಆಗಸ್ಟ್ 30ರಂದು ಕೇಂದ್ರ ನೇರ ತೆರಿಗೆ ಮಂಡಳಿಯು ರುಪೇ ಡೆಬಿಟ್ ಕಾರ್ಡ್ ಮತ್ತು ಯುಪಿಐ ವ್ಯವಹಾರಗಳಿಗೆ ಆ ವರ್ಷದ ಜನವರಿ 1ರಿಂದ ತೆಗೆದುಕೊಂಡ ಶುಲ್ಕವನ್ನು ಹಿಂದಿರುಗಿಸುವಂತೆ ಬ್ಯಾಂಕುಗಳಿಗೆ ತಿಳಿಸಿತು. ಈ ಖಾತೆಗೆ ಒಂದು ಷರತ್ತಿದೆ: ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಬಾರದು, ಇದ್ದರೆ 30 ದಿನದೊಳಗೆ ಮುಚ್ಚಬೇಕು. ಈಗಾಗಲೇ ಸಾಮಾನ್ಯ ಉಳಿತಾಯ ಖಾತೆ ಇರುವವರು ಲಿಖಿತವಾಗಿ ಕೇಳಿಕೊಂಡು ಅದನ್ನೇ ಬಿಎಸ್‌ಬಿಡಿ ಖಾತೆಯಾಗಿ ಬದಲಿಸಿಕೊಳ್ಳಬಹುದು. 2014ರ ಆಗಸ್ಟಿನಲ್ಲಿ ಆರಂಭವಾದ ಜನಧನ ಖಾತೆಯೂ ಮೂಲತಃ ಇದೇ ಬಗೆಯದು. 2018ರ ಆಗಸ್ಟ್ 28ರ ನಂತರ ತೆರೆದ ಜನಧನ ಖಾತೆಗಳ ರುಪೇ ಕಾರ್ಡಿಗೆ ₹2 ಲಕ್ಷದ ಅಪಘಾತ ವಿಮೆಯೂ ಇದೆ.

ಇಂಥ ಖಾತೆ ಬೇಕೆಂದು ಕೌಂಟರಿನಲ್ಲಿ ಕೇಳಿದ ನಮ್ಮ ವಿದ್ಯಾರ್ಥಿನಿಯೊಬ್ಬಳಿಗೆ ‘ಅದು ಈಗ ಬಂದಾಗಿದೆ’ ಎಂಬ ಉತ್ತರ ಸಿಕ್ಕಿತ್ತು. ಬಂದಾಗಿಲ್ಲ. ಖಾತೆಯ ಬಗೆಯನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದು, ಸ್ವೀಕೃತಿಗೆ ಸಹಿ ಪಡೆದರೆ ಇಂಥ ಮಾತು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಕೌಂಟರಿನಲ್ಲಿ ಕುಳಿತ ಸಿಬ್ಬಂದಿಯ ಮೇಲೂ ಗುರಿಗಳ ಒತ್ತಡವಿರುತ್ತದೆ ಎಂಬುದನ್ನು ನಾನು ಬಲ್ಲೆ, ಆದರೆ ಆ ಒತ್ತಡದ ಹೊರೆಯನ್ನು ವಿದ್ಯಾರ್ಥಿ ಹೊರಬೇಕಾಗಿಲ್ಲ.

ಇನ್ನು ವಿದ್ಯಾರ್ಥಿವೇತನದ ವಿಷಯ. ನಮ್ಮ ರಾಜ್ಯದ ಮಕ್ಕಳಿಗೆ ಬ್ಯಾಂಕ್ ಖಾತೆಯ ಆಯ್ಕೆಯಲ್ಲಿ ಇದರಷ್ಟು ಮುಖ್ಯವಾದದ್ದು ಇನ್ನೊಂದಿಲ್ಲ. ರಾಜ್ಯದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲಿನ ಮೂಲಕ ಮಂಜೂರಾಗುವ ಹಣ ಆಧಾರ್ ಆಧಾರಿತ ನೇರ ನಗದು ವರ್ಗಾವಣೆಯಲ್ಲಿ (ಡಿಬಿಟಿ) ಬರುತ್ತದೆ. ಅರ್ಜಿಯ ಜೊತೆ ಪಾಸ್‌ಬುಕ್ಕಿನ ಪ್ರತಿ ಕೊಟ್ಟೊಡನೆ ಹಣ ಆ ಖಾತೆಗೇ ಬರುತ್ತದೆಂದು ಬಹಳಷ್ಟು ಮಂದಿ ನಂಬಿದ್ದಾರೆ; ವಾಸ್ತವ ಹಾಗಿಲ್ಲ. ವಿದ್ಯಾರ್ಥಿಯ ಆಧಾರ್ ಸಂಖ್ಯೆ ಯಾವ ಬ್ಯಾಂಕಿನೊಂದಿಗೆ ಸೀಡ್ ಆಗಿದೆ, ಅಂದರೆ ನೇರ ವರ್ಗಾವಣೆಯ ಹಣ ಪಡೆಯಲು ಜೋಡಣೆಯಾಗಿದೆ ಎಂಬ ದಾಖಲೆ, ದೇಶದ ಪಾವತಿ ವ್ಯವಸ್ಥೆಗಳನ್ನು ನಡೆಸುವ ಎನ್‌ಪಿಸಿಐ ಸಂಸ್ಥೆಯ ಮ್ಯಾಪರ್ ಎಂಬ ಪಟ್ಟಿಯಲ್ಲಿರುತ್ತದೆ. ಒಂದು ಆಧಾರಿಗೆ ಅಲ್ಲಿ ಒಂದೇ ಬ್ಯಾಂಕು, ಕೊನೆಯದಾಗಿ ಯಾವುದು ಸೀಡ್ ಆಯಿತೋ ಅದು. ನಮ್ಮ ಕಡೆ ‘ಎನ್‌ಪಿಸಿಐ ಮಾಡಿಸಿಕೊಂಡು ಬಾ’ ಎಂದು ಹೇಳುವುದು ಇದನ್ನೇ. ಖಾತೆಗೆ ಆಧಾರ್ ಸಂಖ್ಯೆಯನ್ನು ಜೋಡಿಸಿದ ಮಾತ್ರಕ್ಕೆ ಈ ಕೆಲಸ ಆದಂತಲ್ಲ, ನೇರ ವರ್ಗಾವಣೆಗಾಗಿ ಸೀಡ್ ಮಾಡಲು ಪ್ರತ್ಯೇಕವಾಗಿ ಒಪ್ಪಿಗೆ ಕೊಡಬೇಕು.

ಕಾಲೇಜಿನ ಪಡಸಾಲೆಯಲ್ಲೋ, ಮೊಬೈಲ್ ಆ್ಯಪಿನಲ್ಲೋ, ಊರಿಗೆ ಬಂದ ಪೋಸ್ಟ್‌ಮ್ಯಾನ್ ಬಳಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನಲ್ಲೋ ಹೊಸ ಖಾತೆ ತೆರೆಯುವಾಗ ಆ ಒಪ್ಪಿಗೆಯ ಚೌಕದಲ್ಲಿ ಗುರುತು ಬಿದ್ದಿದ್ದರೆ, ಅಂದಿನಿಂದ ವಿದ್ಯಾರ್ಥಿವೇತನದ ದಾರಿ ಹೊಸ ಬ್ಯಾಂಕಿಗೆ ತಿರುಗುತ್ತದೆ. ಹಣ ಬಂದಿಲ್ಲವೆಂದು ತಿಂಗಳುಗಟ್ಟಲೆ ಸಮಾಜ ಕಲ್ಯಾಣ ಇಲಾಖೆಗೂ ಹಿಂದುಳಿದ ವರ್ಗಗಳ ಇಲಾಖೆಗೂ ಅಲೆದ ಮಕ್ಕಳ ಹಣ, ಅವರೇ ಮರೆತ ಯಾವುದೋ ಖಾತೆಯಲ್ಲಿ ಕುಳಿತಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆ ಖಾತೆ ಕನಿಷ್ಠ ಶಿಲ್ಕು ಬೇಡುವಂಥದ್ದಾಗಿದ್ದರೆ ಬಂದ ಹಣದಲ್ಲೂ ಸ್ವಲ್ಪ ಕರಗಿರುತ್ತದೆ. ಆದ್ದರಿಂದ ಅರ್ಜಿ ಹಾಕುವ ಮುನ್ನ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ತಮ್ಮ ಆಧಾರ್ ಯಾವ ಬ್ಯಾಂಕಿಗೆ ಸೀಡ್ ಆಗಿದೆ ಎಂದು ಪ್ರತಿಯೊಬ್ಬರೂ ನೋಡಿಕೊಳ್ಳಬೇಕು. ಹಣ ಬಿಡುಗಡೆಯಾದ ವಿವರ ರಾಜ್ಯದ ಡಿಬಿಟಿ ಕರ್ನಾಟಕ ಆ್ಯಪಿನಲ್ಲಿ ಸಿಗುತ್ತದೆ. ವಿದ್ಯಾರ್ಥಿವೇತನಕ್ಕೆ ಒಂದು ಖಾತೆ ಎಂದು ನಿಶ್ಚಯಿಸಿದ ಮೇಲೆ ಓದು ಮುಗಿಯುವವರೆಗೆ ಅದನ್ನು ಬದಲಿಸದಿರುವುದೇ ಕ್ಷೇಮ. ಓದು ಮುಗಿದ ಮೇಲೂ ಅದು ಬೇಕಾಗುತ್ತದೆ: ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ ₹3,000, ಡಿಪ್ಲೊಮಾ ಪಡೆದವರಿಗೆ ₹1,500 ಬರುವುದೂ ಇದೇ ನೇರ ವರ್ಗಾವಣೆಯ ಮೂಲಕ.

ಪ್ರಾಥಮಿಕ ಶಾಲೆಯಲ್ಲಿದ್ದಾಗ ತಾಯಿಯ ಅಥವಾ ತಂದೆಯ ಪಾಲಕತ್ವದಲ್ಲಿ ತೆರೆದ ಖಾತೆಯನ್ನೇ ಇಟ್ಟುಕೊಂಡು ಬರುವವರೂ ಬಹಳ ಮಂದಿ. ಖಾತೆದಾರರಿಗೆ ಹದಿನೆಂಟು ತುಂಬಿದ ಮೇಲೆ ಬ್ಯಾಂಕಿಗೆ ಹೋಗಿ ಹೊಸದಾಗಿ ಮಾದರಿ ಸಹಿ ಕೊಟ್ಟು, ಗುರುತು ಮತ್ತು ವಿಳಾಸದ ಪರಿಶೀಲನೆ, ಅಂದರೆ ಕೆವೈಸಿ, ಮಾಡಿಸಿಕೊಂಡು ಅದನ್ನು ವಯಸ್ಕರ ಖಾತೆಯಾಗಿ ಬದಲಿಸಿಕೊಳ್ಳಬೇಕು. ಹತ್ತು ವರ್ಷ ದಾಟಿದ ಮಕ್ಕಳು ಸ್ವತಂತ್ರವಾಗಿಯೇ ಉಳಿತಾಯ ಖಾತೆ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ, ಹಾಗಾಗಿ ಪಿಯುಸಿ ಮಕ್ಕಳೂ ಈ ಯೋಚನೆಯನ್ನು ಈಗಲೇ ಮಾಡಬಹುದು. ಹಳೆಯ ಪಾಸ್‌ಬುಕ್ಕುಗಳಲ್ಲಿ ಇನ್ನೊಂದು ತೊಡಕೂ ಇದೆ. ಮೈಸೂರು ಬ್ಯಾಂಕ್ 2017ರಲ್ಲಿ ಸ್ಟೇಟ್ ಬ್ಯಾಂಕಿಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕುಗಳಿಗೆ ಸೇರಿದವು. 2025ರ ಮೇ 1ರಿಂದ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿ ಬಳ್ಳಾರಿಯಲ್ಲಿ ಪ್ರಧಾನ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಮನೆಯಲ್ಲಿರುವ ಹಳೆಯ ಪಾಸ್‌ಬುಕ್ಕಿನಲ್ಲಿರುವ, ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಸಂಖ್ಯೆಯನ್ನು ಹಾಗೆಯೇ ಅರ್ಜಿಗಳಲ್ಲಿ ತುಂಬುವವರು ಇಂದಿಗೂ ಇದ್ದಾರೆ. ಶಾಖೆಗೆ ಹೋಗಿ ಹೊಸ ಪಾಸ್‌ಬುಕ್ ಪಡೆಯುವುದು ಅರ್ಧ ದಿನದ ಕೆಲಸ.

ವಿಲೀನಗಳ ಮಾತು ಬಂದಾಗ ಒಂದು ಸಂಗತಿ ನೆನಪಾಗುತ್ತದೆ. ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ ಅದರ ಪ್ರತಿನಿಧಿಗಳು ಮನೆ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಸಣ್ಣ ಉಳಿತಾಯವನ್ನು ಗೌರವಿಸಿಯೇ ಬ್ಯಾಂಕು ಬೆಳೆಯಬಹುದೆಂದು ತೋರಿಸಿಕೊಟ್ಟ ನಾಡಿನಲ್ಲಿ, ಎರಡು ಸಾವಿರ ರೂಪಾಯಿ ಇಟ್ಟ ವಿದ್ಯಾರ್ಥಿಗೆ ದಂಡ ಹಾಕುವುದನ್ನು ಕಂಡು ನನಗೆ ನೋವಾಗುತ್ತದೆ.

ಶಾಖೆ ಎಲ್ಲಿರಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಮೊಬೈಲಿನಲ್ಲೇ ಎಲ್ಲವೂ ಆಗುತ್ತದೆಂದು ಹೇಳುವವರು, ಮೊಬೈಲ್ ಸಂಖ್ಯೆ ಬದಲಾದಾಗ, ಕಾರ್ಡ್ ಕಳೆದಾಗ, ಸಹಿ ಹೊಂದದಿದ್ದಾಗ ಶಾಖೆಯ ಬಾಗಿಲಿಗೇ ಹೋಗಬೇಕಾಗುತ್ತದೆಂಬುದನ್ನು ಗಮನಿಸುವುದಿಲ್ಲ. ರಾಯಚೂರಿನ ಹಳ್ಳಿಯಿಂದ ಮಂಗಳೂರಿಗೆ ಓದಲು ಹೋದವನಿಗೆ ಎರಡೂ ಕಡೆ ಶಾಖೆಗಳಿರುವ ಬ್ಯಾಂಕು ಅನುಕೂಲ. ಕೆವೈಸಿ ಸರಿಯಾಗಿದ್ದರೆ ಖಾತೆಯನ್ನು ಅದೇ ಬ್ಯಾಂಕಿನ ಇನ್ನೊಂದು ಶಾಖೆಗೆ ವರ್ಗಾಯಿಸಿಕೊಳ್ಳಲೂ ಬರುತ್ತದೆ. ನಗದು ಬಳಸುವವರು ಎಟಿಎಂ ಲೆಕ್ಕವನ್ನೂ ತಿಳಿದಿರಬೇಕು: ಸಾಮಾನ್ಯ ಉಳಿತಾಯ ಖಾತೆಗೆ ತನ್ನದೇ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಐದು ವ್ಯವಹಾರ ಉಚಿತ, ಬೇರೆ ಬ್ಯಾಂಕಿನದರಲ್ಲಿ ಬೆಂಗಳೂರಿನಂಥ ಮಹಾನಗರದಲ್ಲಿ ಮೂರು, ಉಳಿದ ಊರುಗಳಲ್ಲಿ ಐದು. ಅದನ್ನು ಮೀರಿದರೆ 2025ರ ಮೇ ತಿಂಗಳಿನಿಂದ ಪ್ರತಿ ಸಲಕ್ಕೆ ₹23ರವರೆಗೆ, ತೆರಿಗೆ ಬೇರೆ. ಶಿಲ್ಕು ನೋಡುವುದೂ ಒಂದು ವ್ಯವಹಾರವೆಂದೇ ಲೆಕ್ಕಕ್ಕೆ ಬರುತ್ತದೆ. ಇದರ ಜೊತೆಗೆ ಕಾರ್ಡಿನ ವಾರ್ಷಿಕ ಶುಲ್ಕ ಮತ್ತು ಎಸ್‌ಎಂಎಸ್ ಶುಲ್ಕವನ್ನೂ ಮೊದಲೇ ಕೇಳಿಕೊಳ್ಳಬೇಕು.

ಆಧಾರ್ ಒಟಿಪಿಯಿಂದ ಮನೆಯಲ್ಲೇ ಕುಳಿತು ತೆರೆದ ಖಾತೆಗೆ ಮಿತಿಗಳಿವೆ. ಮುಖಾಮುಖಿಯಾಗಿ ಅಥವಾ ವಿಡಿಯೊ ಮೂಲಕ ಪೂರ್ಣ ಕೆವೈಸಿ ಆಗುವವರೆಗೆ ಅದರಲ್ಲಿ ₹1 ಲಕ್ಷಕ್ಕಿಂತ ಹೆಚ್ಚು ಇರುವಂತಿಲ್ಲ, ವರ್ಷಕ್ಕೆ ₹2 ಲಕ್ಷಕ್ಕಿಂತ ಹೆಚ್ಚು ಜಮಾ ಆಗುವಂತಿಲ್ಲ, ಒಂದು ವರ್ಷದೊಳಗೆ ಕೆವೈಸಿ ಪೂರ್ಣಗೊಳ್ಳದಿದ್ದರೆ ಅದು ಮುಂದುವರಿಯುವಂತೆಯೂ ಇಲ್ಲ. ಮೊದಲ ವರ್ಷ ಸುಲಭವಾಗಿ ನಡೆದ ಖಾತೆ ಎರಡನೆಯ ವರ್ಷದ ಶುಲ್ಕ ಕಟ್ಟುವ ಹೊತ್ತಿಗೆ ನಿಂತುಹೋಗುವುದಕ್ಕೆ ಇದೂ ಒಂದು ಕಾರಣ. ಹಾಗೆಯೇ, ಪರಿಚಯದವರು ಹೇಳಿದರೆಂದು ಪತ್ತಿನ ಸಹಕಾರ ಸಂಘಗಳಲ್ಲಿ ಶುಲ್ಕದ ಹಣ ಇಡುವವರು ಒಂದು ವ್ಯತ್ಯಾಸ ತಿಳಿದಿರಲಿ: ವಾಣಿಜ್ಯ, ಗ್ರಾಮೀಣ ಮತ್ತು ಸಹಕಾರಿ ಬ್ಯಾಂಕುಗಳ ಠೇವಣಿಗೆ ₹5 ಲಕ್ಷದವರೆಗೆ ವಿಮೆ ಇದೆ, ಪತ್ತಿನ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ವಿಮೆ ಇದ್ದರೂ ಹಣ ಬೇಕಾದ ದಿನವೇ ಕೈಗೆ ಸಿಗುತ್ತದೆಂಬ ಭರವಸೆ ಇರುವುದಿಲ್ಲ; 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಠೇವಣಿದಾರರು ಹಿಂಪಡೆಯಬಹುದಾಗಿದ್ದದ್ದು ₹35,000 ಮಾತ್ರ.

ತಂದೆ ತಾಯಿ ದಯವಿಟ್ಟು ಗಮನಿಸಬೇಕಾದ ಅಪಾಯವೊಂದನ್ನು ಇಲ್ಲಿ ಬಿಡಿಸಿ ಹೇಳಬೇಕು. ಬಳಸದೆ ಬಿದ್ದಿರುವ ಖಾತೆಗಳನ್ನು ಹುಡುಕಿಕೊಂಡು ಬರುವ ಸೈಬರ್ ವಂಚಕರ ಜಾಲಗಳಿವೆ. ‘ನಿನ್ನ ಖಾತೆಗೆ ಹಣ ಬರುತ್ತದೆ, ನಾವು ಹೇಳಿದಲ್ಲಿಗೆ ಕಳಿಸು, ಕಮಿಷನ್ ಇಟ್ಟುಕೋ’ ಎಂದೋ, ‘ಪಾಸ್‌ಬುಕ್, ಕಾರ್ಡ್, ಸಿಮ್ ನಮಗೆ ಕೊಡು, ಕೆಲವು ಸಾವಿರ ಕೊಡುತ್ತೇವೆ’ ಎಂದೋ ಸೀನಿಯರ್ ವಿದ್ಯಾರ್ಥಿಗಳ ಮೂಲಕವೇ ಕೇಳಿಸುತ್ತಾರೆ. ಪೊಲೀಸರು ಮ್ಯೂಲ್ ಖಾತೆ ಎನ್ನುವುದು ಇಂಥವನ್ನೇ. ದೇಶದ ಯಾವುದೋ ಮೂಲೆಯಲ್ಲಿ ಯಾರೋ ಕಳೆದುಕೊಂಡ ಹಣ ಆ ಖಾತೆಯನ್ನು ಹಾದುಹೋಗಿದ್ದರೆ, ಹೊರ ರಾಜ್ಯದ ಪೊಲೀಸರ ನೋಟಿಸಿಗೆ ಉತ್ತರಿಸಬೇಕಾದವನು ಖಾತೆದಾರನೇ. ಹಣದ ಮುಖವನ್ನೇ ನೋಡದಿದ್ದರೂ ಅವನ ಹೆಸರಿನಲ್ಲಿ ಪ್ರಕರಣ ದಾಖಲಾಗಬಹುದು. ಓದುತ್ತಿರುವ ಹುಡುಗನ ಉದ್ಯೋಗ, ಪಾಸ್‌ಪೋರ್ಟ್ ಎಲ್ಲಕ್ಕೂ ಅದು ಅಡ್ಡ ಬರುತ್ತದೆ. ಅವಶ್ಯಕತೆ ಇಲ್ಲದ ಎರಡನೆಯ, ಮೂರನೆಯ ಖಾತೆ ತೆರೆಯಬೇಡಿ, ತೆರೆದದ್ದನ್ನು ಲಿಖಿತವಾಗಿ ಮುಚ್ಚಿಸಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೇ ದೊಡ್ಡ ಕಾರಣ. ತಮ್ಮದೇ ಖಾತೆಯಿಂದ ಹಣ ವಂಚನೆಯಾಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ, ಬ್ಯಾಂಕಿಗೂ ಲಿಖಿತವಾಗಿ ತಿಳಿಸಬೇಕು. ಗ್ರಾಹಕರ ತಪ್ಪಿಲ್ಲದೆ, ಹೊರಗಿನವರಿಂದ ನಡೆದ ಅನಧಿಕೃತ ವ್ಯವಹಾರವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟದ ಹೊಣೆ ಗ್ರಾಹಕರದ್ದಲ್ಲವೆಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿದೆ.

ಶುಲ್ಕ, ದಂಡ ಅಥವಾ ಖಾತೆ ನಿರಾಕರಣೆಯ ಬಗ್ಗೆ ಬ್ಯಾಂಕಿಗೆ ದೂರು ಕೊಟ್ಟು 30 ದಿನದೊಳಗೆ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಗ್ರಾಹಕರ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು. 14448 ಸಂಖ್ಯೆಗೆ ಕರೆ ಮಾಡಿದರೆ ವಿವರ ಸಿಗುತ್ತದೆ. ದಂಡದಿಂದಾಗಿಯೇ ಖಾತೆಯ ಶಿಲ್ಕು ಸೊನ್ನೆಗಿಂತ ಕೆಳಗಿಳಿಯಬಾರದು, ದಂಡ ಹಾಕುವ ಮುನ್ನ ಗ್ರಾಹಕರಿಗೆ ಸೂಚನೆ ಕೊಟ್ಟು ಒಂದು ತಿಂಗಳ ಕಾಲಾವಕಾಶ ನೀಡಬೇಕು ಎಂಬ ನಿಯಮಗಳು 2015ರ ಏಪ್ರಿಲಿನಿಂದ ಜಾರಿಯಲ್ಲಿವೆ. ದೂರು ಬರೆಯುವವರು ಇವನ್ನು ಉಲ್ಲೇಖಿಸಿದರೆ ಉತ್ತರ ಬೇಗ ಬರುತ್ತದೆಂಬುದು ನಮ್ಮ ವಿದ್ಯಾರ್ಥಿಗಳ ಅನುಭವ.

ಇದನ್ನೆಲ್ಲ ವಿದ್ಯಾರ್ಥಿಯೊಬ್ಬನೇ ತಿಳಿದುಕೊಳ್ಳಲಿ ಎಂದು ನಾವು ಅಧ್ಯಾಪಕರು ಕೈಕಟ್ಟಿ ಕೂರುವುದು ಸರಿಯಲ್ಲ. ಕಾಲೇಜು ಶಿಕ್ಷಣ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು: ಕಾಲೇಜಿನ ಆವರಣದಲ್ಲಿ ಖಾತೆ ತೆರೆಸಲು ಅನುಮತಿ ಕೇಳುವ ಬ್ಯಾಂಕು, ತನ್ನ ಬಿಎಸ್‌ಬಿಡಿ ಖಾತೆಯ ವಿವರವನ್ನೂ, ಉಳಿದ ಖಾತೆಗಳ ಕನಿಷ್ಠ ಶಿಲ್ಕು ಮತ್ತು ದಂಡದ ವಿವರವನ್ನೂ ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಅಚ್ಚುಮಾಡಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಕೊಡಬೇಕೆಂದು ಷರತ್ತು ವಿಧಿಸಿ. ಖಾತೆ ಅರ್ಜಿ, ಚಲನ್, ಪಾಸ್‌ಬುಕ್‌ಗಳು ಹಿಂದಿ, ಇಂಗ್ಲಿಷಿನ ಜೊತೆಗೆ ಪ್ರಾದೇಶಿಕ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿರುವಾಗ ಇದು ಹೊಸ ಹೊರೆಯೇನಲ್ಲ. ಹೊಸ ಖಾತೆಗೆ ಆಧಾರ್ ಸೀಡ್ ಮಾಡುವ ಒಪ್ಪಿಗೆಯನ್ನು ವಿದ್ಯಾರ್ಥಿಗೆ ಬಾಯಿಮಾತಿನಲ್ಲಿ ವಿವರಿಸಿ, ಪ್ರತ್ಯೇಕ ಸಹಿ ಪಡೆದ ನಂತರವೇ ತೆಗೆದುಕೊಳ್ಳುವಂತೆ ಸೂಚಿಸಿ. ನಿರ್ದಿಷ್ಟ ಬ್ಯಾಂಕಿನಲ್ಲೇ ಖಾತೆ ಇರಬೇಕೆಂದು ಒತ್ತಾಯಿಸುವ ಕಾಲೇಜುಗಳಿದ್ದರೆ ಅದನ್ನು ನಿಲ್ಲಿಸಿ. ಮುಂದಿನ ಶೈಕ್ಷಣಿಕ ವರ್ಷದ ದಾಖಲಾತಿ ಅಧಿಸೂಚನೆಯಲ್ಲೇ ಈ ಮೂರು ಸೂಚನೆಗಳನ್ನು ಸೇರಿಸಲು ಇಲಾಖೆಗೆ ಹೆಚ್ಚಿನ ವೆಚ್ಚವೇನೂ ಬೀಳುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರ ವಾಣಿಜ್ಯಶಾಸ್ತ್ರ ಅಧ್ಯಾಪಕಿ,
ಹಾವೇರಿ ಜಿಲ್ಲೆ